‘ಸ್ಕ್ರೂ ಬಿಚ್ಚಿ’ ಎಂದರೆ ಎಷ್ಟು ಸ್ಕ್ರೂ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆರ್ಟಿಕಲ್ ಎನ್ನುವ ಎ, ಆ್ಯನ್, ದಿ ಎಂಬ ಮೂರು ಪುಟ್ಟ ಪದಗಳನ್ನು ಬಿಟ್ಟ ಸ್ಥಳ ತುಂಬುವುದಕ್ಕೆಂದು ಕಲಿತಿದ್ದೆ. ಅವುಗಳಿಂದ ತಗಡು ಸೊಟ್ಟಗಾಗಬಹುದು ಎಂದು ತಿಳಿದದ್ದು ಕೆಲಸಕ್ಕೆ ಸೇರಿದ ಎರಡನೆಯ ವರ್ಷ.

ಫಿಟ್ಟರ್ ಒಬ್ಬರು ಯಂತ್ರದ ಪಕ್ಕ ನಿಂತು ‘ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆಯಿರಿ’ ಎಂದು ಹೇಳಿಕೊಟ್ಟಿದ್ದರು. ನಾನು ‘ರಿಮೂವ್ ದಿ ಸ್ಕ್ರೂ’ ಎಂದು ಬರೆದೆ. ಮುಚ್ಚಳಕ್ಕೆ ಇದ್ದದ್ದು ನಾಲ್ಕು ಸ್ಕ್ರೂ: ಮುಂದೆ ಒಂದು, ಹಿಂಬದಿಯ ಕತ್ತಲಲ್ಲಿ ಮೂರು. ಹೊರದೇಶದ ಗ್ರಾಹಕರ ತಂತ್ರಜ್ಞ ಕಣ್ಣೆದುರಿನ ಒಂದನ್ನು ಬಿಚ್ಚಿದ. ಮುಚ್ಚಳ ಅಲುಗಾಡಲಿಲ್ಲ. ಅಂಟಿಕೊಂಡಿರಬೇಕೆಂದು ಸನ್ನೆಕೋಲು ಹಾಕಿ ಮೀಟಿದ, ಅಂಚು ಬಾಗಿಹೋಯಿತು. ಅವನು ಕಳಿಸಿದ ಫೋಟೊವನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಅವನು ಓದಿದ್ದು ಸರಿಯಾಗಿಯೇ ಇತ್ತು. ಏಕವಚನದ ಹಿಂದೆ ದಿ ಇದ್ದರೆ ‘ಅಲ್ಲಿ ಇರುವುದೇ ಒಂದು’ ಎಂದು ಅರ್ಥ. ‘ದಿ ಫೋರ್ ಸ್ಕ್ರೂಸ್’ ಎಂದು ಬರೆಯಬೇಕಿತ್ತು.

ಫಿಟ್ಟರ್ ಹೇಳಿದ್ದೂ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ‘ಸ್ಕ್ರೂ ಬಿಚ್ಚಿ’ ಎಂದರೆ ಒಂದೂ ಆದೀತು, ನಾಲ್ಕೂ ಆದೀತು. ಅಂಗಡಿಯಲ್ಲಿ ‘ಹತ್ತು ತೆಂಗಿನಕಾಯಿ ಕೊಡಿ’ ಎನ್ನುತ್ತೇವೆ, ‘ಕಾಯಿಗಳು’ ಎನ್ನುವುದಿಲ್ಲ. ಗೊತ್ತಿರುವ ವಸ್ತುವೋ ಯಾವುದಾದರೊಂದೋ ಎಂಬುದನ್ನು ನಾವೂ ಹೇಳುತ್ತೇವೆ, ಆದರೆ ಪದದ ಬಾಲದಲ್ಲಿ. ‘ಸ್ಪ್ಯಾನರ್ ತಾ’ ಎಂದರೆ ಯಾವುದಾದರೂ ನಡೆಯುತ್ತದೆ; ‘ಸ್ಪ್ಯಾನರನ್ನು ತಾ’ ಎಂದರೆ ಇಬ್ಬರಿಗೂ ಗೊತ್ತಿರುವ ಸ್ಪ್ಯಾನರ್. ಉಳಿದದ್ದನ್ನು ಎದುರಿಗಿದ್ದವರ ಕಣ್ಣು ತುಂಬಿಕೊಳ್ಳುತ್ತದೆ. ಕೈಪಿಡಿ ಓದುವವನ ಎದುರು ಫಿಟ್ಟರ್ ನಿಂತಿರುವುದಿಲ್ಲ.

ಜಾಗ ಉಳಿಯಲೆಂದು ಆರ್ಟಿಕಲ್‌ಗಳನ್ನು ಕಿತ್ತುಹಾಕುವ ಅಭ್ಯಾಸವೂ ನನಗಿತ್ತು. ಅದನ್ನು ಬಿಡಿಸಿದ್ದು ವಿಮಾನ ನಿರ್ವಹಣೆಯ ಕೈಪಿಡಿಗಳಿಗೆಂದು ಯುರೋಪಿನ ವಿಮಾನೋದ್ಯಮ ರೂಪಿಸಿದ ಸರಳ ಇಂಗ್ಲಿಷಿನ ನಿಯಮಾವಳಿ. 1986ರಲ್ಲಿ ಮೊದಲು ಹೊರಬಂದದ್ದು, ಈಗಿನ ಹೆಸರು ಎಎಸ್‌ಡಿ-ಎಸ್‌ಟಿಇ100. ಸೂಚನಾ ವಾಕ್ಯವೊಂದು 20 ಪದ ಮೀರಬಾರದು ಎಂದು ಎಣಿಸಿ ಹೇಳುವ ಆ ನಿಯಮಾವಳಿ, ನಾಮಪದದ ಹಿಂದೆ ಬೇಕಾದಲ್ಲಿ ಆರ್ಟಿಕಲ್ ಇರಲೇಬೇಕು ಎನ್ನುತ್ತದೆ.

ಎಣಿಸಲು ಬರುವ, ಬಾರದ ನಾಮಪದಗಳ ಪಾಡು ಬೇರೆಯೇ. ಈ ಭೇದ ನಮಗೆ ಹೊಸದೇನಲ್ಲ. ‘ಕೆಲವು ಗ್ರೀಸ್’ ಎಂದು ಯಾವ ಕನ್ನಡಿಗನ ಬಾಯಲ್ಲೂ ಬರುವುದಿಲ್ಲ, ‘ಸ್ವಲ್ಪ ಗ್ರೀಸ್’ ಎಂದೇ ಬರುತ್ತದೆ. ಕಷ್ಟವಿರುವುದು ಎರಡು ಭಾಷೆಗಳು ಒಂದೇ ವಸ್ತುವನ್ನು ಬೇರೆ ಬೇರೆಯಾಗಿ ನೋಡುವಲ್ಲಿ. ಉಪಕರಣಗಳು, ಮಾಹಿತಿಗಳು, ಸಲಹೆಗಳು ಎಂದು ನಾವು ಸಲೀಸಾಗಿ ಎಣಿಸುತ್ತೇವೆ, ಇಂಗ್ಲಿಷ್ ಎಣಿಸುವುದಿಲ್ಲ. ಹಾಗಾಗಿ ನಮ್ಮ ರವಾನೆ ಪಟ್ಟಿಗಳಲ್ಲಿ ಇಕ್ವಿಪ್‌ಮೆಂಟ್ಸ್, ಪತ್ರಗಳಲ್ಲಿ ಇನ್‌ಫಾರ್ಮೇಷನ್ಸ್, ಅಡ್ವೈಸಸ್ ತುಂಬಿರುತ್ತಿದ್ದವು. ನಿಯಮ ಉರುಹೊಡೆದರೂ ಕೈ ತಪ್ಪುತ್ತಲೇ ಇತ್ತು. ಕೊನೆಗೆ ಕೈಹಿಡಿದದ್ದು ಕನ್ನಡವೇ: ಮನಸ್ಸಿನೊಳಗಿನ ಅರ್ಥವನ್ನು ಬದಲಿಸಿಕೊಂಡೆ. ಇಕ್ವಿಪ್‌ಮೆಂಟ್ ಎಂದರೆ ಉಪಕರಣ ಎಂದುಕೊಳ್ಳುವುದನ್ನು ಬಿಟ್ಟು ‘ಸರಂಜಾಮು’ ಎಂದುಕೊಂಡೆ. ಲಗೇಜ್ ಎಂದರೆ ‘ಗಂಟುಮೂಟೆ’. ಮೂರು ಸರಂಜಾಮು, ನಾಲ್ಕು ಗಂಟುಮೂಟೆ ಎಂದು ಯಾರಾದರೂ ಹೇಳುತ್ತಾರೆಯೇ? ಎಣಿಸಲೇಬೇಕಾದಾಗ ಅಕ್ಕಿಗೆ ಕಾಳು, ಕೂದಲಿಗೆ ಎಳೆ, ಉಪ್ಪಿಗೆ ಚಿಟಿಕೆ ಎನ್ನುವಂತೆ ಇಂಗ್ಲಿಷ್ ‘ಎ ಪೀಸ್ ಆಫ್’ ಎನ್ನುತ್ತದೆ. ಇಷ್ಟು ಹೊಳೆದ ಮೇಲೆ ಬಹುವಚನದ ಆ ಎಸ್ ನನ್ನ ಬೆರಳಿಗೆ ಮತ್ತೆ ಬಂದಿಲ್ಲ.

ಎ, ಆ್ಯನ್ ನಡುವಿನ ಆಯ್ಕೆಗೂ ನಮ್ಮ ಲಿಪಿಯೇ ಸಾಕು. ಪದವನ್ನು ಕನ್ನಡದಲ್ಲಿ ಬರೆದು ನೋಡಿ: ಯೂನಿಟ್ ವ್ಯಂಜನದಿಂದ ಶುರುವಾಗುತ್ತದೆ, ಆದ್ದರಿಂದ ಎ, ಅವರ್ ಸ್ವರದಿಂದ, ಆದ್ದರಿಂದ ಆ್ಯನ್. ‘ಎಂ8 ಬೋಲ್ಟ್’ಗೂ ಆ್ಯನ್. ಎಲೆಯನ್ನು ‘ಯೆಲೆ’ ಎನ್ನುವ ನಮ್ಮ ನಾಲಗೆ ಎಂ ಅನ್ನು ‘ಯೆಂ’ ಮಾಡಿಬಿಡುತ್ತದೆ, ಅಲ್ಲಿ ಮಾತ್ರ ಕಿವಿಯನ್ನು ನಂಬಬಾರದು.

ಮೊನ್ನೆ ಹೊಸದಾಗಿ ಸೇರಿದ ಸಹೋದ್ಯೋಗಿ ‘ಚೆಕ್ ಆಯಿಲ್’ ಎಂದು ಬರೆದು ತಂದಿದ್ದಳು. ಆಯಿಲ್ ಎಣಿಸುವ ವಸ್ತುವಲ್ಲ, ಆರ್ಟಿಕಲ್ ಬೇಡವೆಂದು ಬಿಟ್ಟೆ ಎಂದಳು. ವ್ಯಾಕರಣ ಪುಸ್ತಕದ ಪ್ರಕಾರ ಅವಳ ಮಾತು ಅರ್ಧ ಸರಿ. ‘ಆ ಯಂತ್ರದಲ್ಲಿ ಎಷ್ಟು ಬಗೆಯ ಆಯಿಲ್ ಇದೆ?’ ಎಂದು ಕೇಳಿದೆ. ಕಾಗದ ಹಿಡಿದುಕೊಂಡು ಕೆಳಗಿಳಿದು ಹೋದಳು. ಹದಿನೈದು ನಿಮಿಷದ ಮೇಲೆ ಬಂದವಳ ತೋಳಿಗೆ ಗ್ರೀಸ್ ಮೆತ್ತಿತ್ತು. ‘ಎರಡು. ಹೈಡ್ರಾಲಿಕ್ ಟ್ಯಾಂಕಿನದು ಒಂದು, ಸ್ಲೈಡ್‌ವೇಗೆ ಹಾಕುವುದು ಇನ್ನೊಂದು’ ಎಂದಳು. ಕುಳಿತು, ಆಯಿಲ್ ಎಂಬುದರ ಹಿಂದೆ ‘ದಿ ಹೈಡ್ರಾಲಿಕ್’ ಎಂದು ಸೇರಿಸಿದಳು.