ಅಪ್ಪ ಮಂಜೊಟ್ಟಿಗೆ ಬಂದ ಕಂಬಳ

ಕಂಬಳದ ಕರೆಗೆ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ಕಣಕ್ಕೆ, ಎರಡು ತುದಿಗಳಿವೆ. ಕೋಣಗಳನ್ನು ಬಿಡುವ ತುದಿಯನ್ನು ಗಂತು ಎಂದೂ, ಅವು ಕೆಸರು ನೀರನ್ನು ಸೀಳಿಕೊಂಡು ಬಂದು ಏರುಮಣ್ಣನ್ನು ಹತ್ತಿ ನಿಲ್ಲುವ ತುದಿಯನ್ನು ಮಂಜೊಟ್ಟಿ ಎಂದೂ ನಮ್ಮ ಕಡೆ ಕರೆಯುತ್ತಾರೆ. ನಡುವಿನ ದೂರ ಕರೆಯಿಂದ ಕರೆಗೆ ಬದಲಾಗುತ್ತದೆ, ಹೆಚ್ಚು ಕಡಿಮೆ 140 ಮೀಟರ್ ಎಂದುಕೊಳ್ಳಬಹುದು. ನಾನು ಕಾಲೇಜಿಗೆ ಸೇರಿದ ವರ್ಷದಿಂದ ಹಿಡಿದು ಹಿಂದಿನ ಋತುವಿನವರೆಗೆ ಅಪ್ಪ ಯಾವಾಗಲೂ ಗಂತಿನಲ್ಲಿ ಇರುತ್ತಿದ್ದರು, ನಾನು ಯಾವಾಗಲೂ ಮಂಜೊಟ್ಟಿಯಲ್ಲಿ ಇರುತ್ತಿದ್ದೆ. ಅವರು ಕೋಣಗಳ ಮೂಗುದಾರ ಹಿಡಿದು ನಿಲ್ಲಿಸಿ ಬಿಡುವವರು, ನಾನು ಓಡಿ ಬಂದ ಕೋಣಗಳನ್ನು ಹಿಡಿಯುವವರ ಗುಂಪಿನಲ್ಲಿ ಒಬ್ಬ. ಹಾಗಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಓಟವನ್ನು ಒಂದೇ ಕಡೆಯಿಂದ ನೋಡಿದ್ದೇ ಇಲ್ಲ. ಅವರಿಗೆ ಕಂಡದ್ದು ಕೋಣಗಳ ಬೆನ್ನು, ನನಗೆ ಕಂಡದ್ದು ಮುಖ.

ಮನೆಗೆ ಹಿಂದಿರುಗುವ ದಾರಿಯಲ್ಲಿ ಈ ಎರಡು ಅರ್ಧಗಳನ್ನು ಹೊಲಿಯುವುದು ನಮ್ಮ ರೂಢಿಯಾಗಿತ್ತು. ಬಿಡುವಾಗ ಬಲದ ಕೋಣ ಅರ್ಧ ಹೆಜ್ಜೆ ಹಿಂದಿತ್ತು ಎಂದು ಅವರು ಹೇಳಿದರೆ, ಮುಟ್ಟುವಾಗ ಎರಡೂ ಸಮನಾಗಿದ್ದವು ಎಂದು ನಾನು ಹೇಳುತ್ತಿದ್ದೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಏನಾಯಿತೆಂಬುದನ್ನು ಇಬ್ಬರೂ ಊಹಿಸುತ್ತಿದ್ದೆವು. ಬೇರೆ ವಿಷಯಗಳನ್ನು ಕುರಿತು ನಮ್ಮ ನಡುವೆ ಅಷ್ಟು ದೀರ್ಘವಾದ ಮಾತುಕತೆ ನಡೆದ ನೆನಪು ನನಗಿಲ್ಲ.

ಅಪ್ಪನಿಗೆ ಈಗ ಎಪ್ಪತ್ತಮೂರು ವರ್ಷ. ಮಳೆಗಾಲದಲ್ಲಿ ಮೊಣಕಾಲಿನ ಸವೆತ ಹೆಚ್ಚಾಗಿ, ಕೆಸರಿನಲ್ಲಿ ನಿಲ್ಲಲೇಬಾರದು ಎಂದು ವೈದ್ಯರು ಹೇಳಿದ್ದರು. ಗಂತಿನಲ್ಲಿ ನಿಲ್ಲುವವನಿಗೆ ಮೊಣಕಾಲೇ ಬಂಡವಾಳ: ಕೋಣಗಳ ಎದುರಿಗೆ ನಿಂತು, ಅವುಗಳ ತಲೆಗಳನ್ನು ಸಮನಾಗಿ ಹಿಡಿದು, ಬಿಡುವ ಕ್ಷಣದಲ್ಲಿ ಪಕ್ಕಕ್ಕೆ ಹಾರದಿದ್ದರೆ ನೂರಾರು ಕಿಲೋ ತೂಕದ ಎರಡು ಪ್ರಾಣಿಗಳು ಅವನ ಮೇಲೆಯೇ ಹಾದು ಹೋಗುತ್ತವೆ. ಅಕ್ಟೋಬರ್‌ನಲ್ಲಿ ನಮ್ಮ ಗದ್ದೆಯಲ್ಲಿ ನಡೆದ ಕುದಿಯಲ್ಲಿ, ಅಂದರೆ ಅಭ್ಯಾಸದ ಓಟದಲ್ಲಿ, ಅಪ್ಪ ಹಾರುವುದು ತಡವಾಗಿ ನೊಗದ ತುದಿ ಅವರ ಭುಜಕ್ಕೆ ತಾಗಿತು. ಅವರು ಏನೂ ಆಗಿಲ್ಲವೆಂಬಂತೆ ಎದ್ದು ಮುಖ ತೊಳೆದುಕೊಂಡರು. ಆ ರಾತ್ರಿ ಊಟಕ್ಕೆ ಕುಳಿತಾಗ, ಅನ್ನದ ತಟ್ಟೆಯಿಂದ ಕಣ್ಣೆತ್ತದೆ, "ಮೂಡುಬಿದಿರೆಗೆ ಗಂತಿನಲ್ಲಿ ನೀನೇ ನಿಲ್ಲು" ಎಂದರು. ಮನೆಯಲ್ಲಿ ನಾವಾಡುವುದು ತುಳು. ಆ ಮಾತು ತುಳುವಿನಲ್ಲಿ ಇನ್ನೂ ಚಿಕ್ಕದಾಗಿತ್ತು.

ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವುದು ಒಂಟಿಕಟ್ಟೆಯ ಕಡಲಕೆರೆ ನಿಸರ್ಗಧಾಮದಲ್ಲಿ. ಜೋಡುಕರೆ ಎಂದರೆ ಅಕ್ಕಪಕ್ಕದ ಎರಡು ಕರೆಗಳು. ತುಳುನಾಡಿನ ಅವಳಿ ವೀರರ ಹೆಸರನ್ನು ಅವಕ್ಕೆ ಇಟ್ಟಿರುವಂತೆಯೇ ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ ಎಂದು ಇಟ್ಟಿದ್ದಾರೆ. ನಮ್ಮ ಜೋಡಿ ಬೊಲ್ಲ ಮತ್ತು ಕುಟ್ಟಿ ಓಡುವುದು ನೇಗಿಲು ಕಿರಿಯ ವಿಭಾಗದಲ್ಲಿ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವನ್ನೇ ಹಿಡಿದು ಓಡಿದರೆ, ನೇಗಿಲಿನಲ್ಲಿ ಓಟಕ್ಕೆಂದೇ ಹಗುರವಾಗಿ ಮಾಡಿದ ನೇಗಿಲನ್ನು ಹಿಡಿದು ಓಡಬೇಕು. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗಬೇಕು. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತು ಎಂಬುದೇ ಮುಖ್ಯ. ಕಿರಿಯ ವಿಭಾಗಕ್ಕೆ ಬರುವ ಜೋಡಿಗಳ ಸಂಖ್ಯೆ ದೊಡ್ಡದು, ಆದ್ದರಿಂದ ಕಾಯುವಿಕೆಯೂ ದೊಡ್ಡದು.

ಈ ಕಾಯುವಿಕೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಕಂಬಳವೆಂದರೆ ಹದಿಮೂರು ಹದಿನಾಲ್ಕು ಸೆಕೆಂಡುಗಳ ಓಟ ಎಂದು ಮೊಬೈಲಿನಲ್ಲಿ ನೋಡುವವರು ತಿಳಿದಿರುತ್ತಾರೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್‌ಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು; ಅಪ್ಪ ಮಾತ್ರ ಒಂದು ವಾರ ಪೂರ್ತಿ ಪತ್ರಿಕೆ ಮಡಚಿಡುತ್ತಾ, "ಕೋಣಗಳ ಹೆಸರನ್ನು ಯಾರೂ ಬರೆದಿಲ್ಲವಲ್ಲ" ಎಂದು ಗೊಣಗಿದ್ದರು. ಆ ಹದಿಮೂರು ಸೆಕೆಂಡುಗಳಿಗಾಗಿ ನಾವು ಬೆಳಿಗ್ಗೆ ಐದಕ್ಕೆ ಹುರುಳಿ ಬೇಯಿಸಿ, ಕೋಣಗಳ ಮೈಗೆ ಎಣ್ಣೆ ತಿಕ್ಕಿ, ಬೈಹುಲ್ಲು, ನೀರಿನ ಡ್ರಮ್ಮು, ಕೊಪ್ಪರಿಗೆ ಎಲ್ಲವನ್ನೂ ಲಾರಿಗೆ ಏರಿಸಿ ಹೊರಡುತ್ತೇವೆ. ಅಲ್ಲಿ ಹಗಲು ಕಳೆದು ರಾತ್ರಿಯೂ ಕಳೆದು ಮರುದಿನದ ಬಿಸಿಲೇರುವವರೆಗೆ ಇರುತ್ತೇವೆ. ಗೆದ್ದರೆ ಸಿಗುವ ಚಿನ್ನ ಪವನಿನ ಲೆಕ್ಕದಲ್ಲಿರುತ್ತದೆ, ಒಂದು ಪವನ್ ಎಂದರೆ 8 ಗ್ರಾಂ. ಒಂದು ಜೋಡಿ ಕೋಣವನ್ನು ವರ್ಷವಿಡೀ ಸಾಕುವ ಖರ್ಚು ಅದರಿಂದ ಹುಟ್ಟುವುದಿಲ್ಲ ಎಂಬುದು ಅಪ್ಪನಿಗೂ ಗೊತ್ತು, ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳವೇ ನಿಂತುಹೋಗಬಹುದು ಎಂಬ ಸ್ಥಿತಿ ಇದ್ದಾಗಲೂ ಅವರು ಕೋಣಗಳನ್ನು ಮಾರಲಿಲ್ಲ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿದ ಸುದ್ದಿ ಬಂದಾಗ ಅವರು ಹಟ್ಟಿಯಲ್ಲಿದ್ದರು. ಕೇಳಿ ತಲೆಯಾಡಿಸಿ ಹುಲ್ಲು ಹಾಕುವುದನ್ನು ಮುಂದುವರಿಸಿದರು.

ಈ ಬಾರಿ ನನ್ನ ಚೀಲದಲ್ಲಿ ಹೊಸದಾಗಿ ಸೇರಿದ್ದವು ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ಮೊಣಕಾಲಿನ ಪಟ್ಟಿ, ಒಂದು ಮಡಚುವ ಕುರ್ಚಿ. ಕುರ್ಚಿಯಲ್ಲಿ ಅವರು ಒಂದೇ ಒಂದು ನಿಮಿಷವೂ ಕುಳಿತುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೋಣಗಳ ಜೂಲು ಮತ್ತು ಹಣೆಪಟ್ಟಿಗಳು ರಾಶಿ ಬಿದ್ದಿದ್ದವು. ರಾತ್ರಿ ಎಂಟಕ್ಕೆ ಗಂಜಿ ಮುಗಿಸಿ ಲಾರಿಯ ಮುಂದಿನ ಸೀಟಿನಲ್ಲಿ ಮಲಗಿ ಎಂದು ನಾನು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳುವಾಗ, ನಾನು ಹತ್ತು ವರ್ಷದವನಿದ್ದಾಗ ಇದೇ ಧ್ವನಿಯಲ್ಲಿ ಇದೇ ಮಾತನ್ನು ಅವರು ನನಗೆ ಹೇಳುತ್ತಿದ್ದುದು ನೆನಪಾಗಿ ಸುಮ್ಮನಾದೆ. ನಾನೂ ಆಗ ಮಲಗುತ್ತಿರಲಿಲ್ಲ.

ನಮ್ಮ ಸರದಿ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ವಾಲಗದವರು, ಕೊಂಬಿನವರು, ಮನೆಯ ಹುಡುಗರು, ನೆರೆಯವರು ಎಲ್ಲರೂ ಸೇರಿ ಕೋಣಗಳನ್ನು ಕರೆಗೆ ಇಳಿಸಿದೆವು. ಅಪ್ಪ ಗಂತಿನ ಅಂಚಿನವರೆಗೆ ಬಂದು, ಬೊಲ್ಲನ ಹಣೆಯ ಬಿಳಿ ಮಚ್ಚೆಯ ಮೇಲೆ ಅಂಗೈ ಇಟ್ಟು, ನನಗೆ ಒಂದೇ ಮಾತು ಹೇಳಿದರು: "ಹಗ್ಗ ನೋಡಬೇಡ, ಅವನ ಕಿವಿ ನೋಡು." ಅನಂತರ ಬೇಲಿಯ ಪಕ್ಕದ ದಾರಿ ಹಿಡಿದು ಮಂಜೊಟ್ಟಿಯ ಕಡೆಗೆ ನಡೆದರು. ಆ 140 ಮೀಟರ್ ನಡೆಯಲು ಅವರಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ನಮ್ಮ ಹಿಂದಿದ್ದ ಜೋಡಿಯವರಿಗೆ ಸರದಿ ಬಿಟ್ಟುಕೊಡೋಣವೇ ಎಂದು ಹುಡುಗರು ಕೇಳಿದರು. ನಾನು ಬೇಡವೆಂದೆ. ಜನರ ನಡುವೆ ಅವರ ಬಿಳಿ ಮುಂಡಾಸು ನಿಂತು ನಿಂತು ಮುಂದೆ ಸಾಗುವುದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು.

ಮಂಜೊಟ್ಟಿಯಲ್ಲಿ ನಿಂತವನಿಗೆ ಗಂತಿನವರು ವಿನಾಕಾರಣ ತಡಮಾಡುತ್ತಾರೆ ಎಂದೇ ತೋರುತ್ತದೆ. ನಾನೂ ವರ್ಷಗಟ್ಟಲೆ ಹಾಗೆಯೇ ಬೈದುಕೊಂಡವನು. ಎದುರಿಗೆ ನಿಂತಾಗ ತಿಳಿಯಿತು. ಕುಟ್ಟಿ ನೇರವಾದರೆ ಬೊಲ್ಲ ಓರೆಯಾಗುತ್ತಾನೆ, ಬೊಲ್ಲನನ್ನು ತಿದ್ದುವಷ್ಟರಲ್ಲಿ ಪಕ್ಕದ ಕರೆಯ ಕೋಣ ತಲೆ ಕೊಡವುತ್ತದೆ, ಅದರ ಗಂಟೆಯ ಸದ್ದಿಗೆ ಕುಟ್ಟಿ ಹಿಂದೆ ಸರಿಯುತ್ತಾನೆ. ಅವುಗಳ ಬಿಸಿ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಹಿಂದೆ ನೇಗಿಲು ಹಿಡಿದು ಬಾಗಿದ್ದ ಓಟಗಾರ ಹುಡುಗ "ಅಣ್ಣ, ಬಿಡಿ, ಬಿಡಿ" ಎನ್ನುತ್ತಿದ್ದ. ನಾನು ಕಿವಿ ನೋಡಿದೆ. ಅಲುಗುತ್ತಿದ್ದ ಬೊಲ್ಲನ ಎರಡೂ ಕಿವಿಗಳು ಒಮ್ಮೆಲೇ ಹಿಂದಕ್ಕೆ ಮಡಚಿ ನಿಂತವು, ನಿಶಾನೆಯೂ ಬಿತ್ತು, ನಾನು ಬಿಟ್ಟು ಎಡಕ್ಕೆ ಬಿದ್ದೆ. ಹಾರಿದೆ ಎನ್ನಲಾರೆ, ಬಿದ್ದೆ. ತಲೆಯೆತ್ತಿದಾಗ ಕರೆಯ ಮೇಲೆ ನೀರಿನ ಒಂದು ಬಿಳಿ ಗೋಡೆ ದೂರವಾಗುತ್ತಿತ್ತು, ಅಷ್ಟೆ. ಕೋಣಗಳೂ ಕಾಣಲಿಲ್ಲ, ಓಟಗಾರನೂ ಕಾಣಲಿಲ್ಲ. ಇಷ್ಟು ವರ್ಷ ಅಪ್ಪ ನೋಡಿದ್ದು ಇದನ್ನೇ.

ಆ ಸುತ್ತು ಗೆದ್ದೆವು. ಬೆಳಗಿನ ಜಾವದ ಸುತ್ತಿನಲ್ಲಿ ಸೋತೆವು. ಅಂತರ ಸೆಕೆಂಡಿನ ನೂರನೆಯ ಭಾಗಗಳಲ್ಲಿ ಹೇಳುವಷ್ಟು ಕಡಿಮೆ. ಹಿಂದೆ ಕಣ್ಣಳತೆಯ ತೀರ್ಪಿನ ಮೇಲೆ ಜಗಳಗಳಾಗುತ್ತಿದ್ದವು, ಈಗ ಲೇಸರ್ ಕಿರಣ ಹೇಳಿದ ಮೇಲೆ ಮಾತಿಲ್ಲ. ನಾನು ಕೆಸರಿನ ಮೈಯಲ್ಲೇ ಮಂಜೊಟ್ಟಿಗೆ ಓಡಿದೆ. ಅಪ್ಪ ಕುಟ್ಟಿಯ ಕುತ್ತಿಗೆಗೆ ಒರಗಿ ನಿಂತಿದ್ದರು. ಯಾರು ಯಾರನ್ನು ಆಧರಿಸಿದ್ದರೋ ಹೇಳುವುದು ಕಷ್ಟವಿತ್ತು. ಅವರ ಮುಖದಲ್ಲಿ ಸೋಲಿನ ಬೇಸರವಿರಲಿಲ್ಲ. ಕಳೆದುಕೊಂಡ ಕೀಲಿಕೈ ಕಿಸೆಯಲ್ಲೇ ಸಿಕ್ಕವರ ಸಿಟ್ಟು ಇತ್ತು.

"ಏರು ಹತ್ತುವ ಮೊದಲು ಇವನು ತಲೆ ಎತ್ತುತ್ತಾನೆ. ಎರಡು ಓಟದಲ್ಲೂ ಎತ್ತಿದ. ನೀನು ಇಷ್ಟು ವರ್ಷದಿಂದ ಇಲ್ಲೇ ನಿಲ್ಲುತ್ತೀಯಲ್ಲ, ಒಮ್ಮೆಯೂ ಯಾಕೆ ಹೇಳಲಿಲ್ಲ ಮಾರಾಯ?"

ನಾನು ಅದನ್ನು ನೋಡಿದ್ದೆ. ಎಲ್ಲ ಕೋಣಗಳೂ ಜನರನ್ನು ಕಂಡು ಹಾಗೆ ಮಾಡುತ್ತವೆ ಎಂದುಕೊಂಡಿದ್ದೆ. ತಲೆ ಎತ್ತಿದರೆ ನೊಗ ಓರೆಯಾಗಿ ಜೊತೆಯ ಕೋಣದ ಹೆಗಲಿಗೆ ಭಾರ ಬೀಳುತ್ತದೆ ಎಂಬುದು ಅಪ್ಪನಿಗೆ ಗೊತ್ತಿತ್ತು, ಆದರೆ ಅವರು ನೋಡಿರಲಿಲ್ಲ.

ಹಿಂದಿರುಗುವಾಗ ಲಾರಿಯಲ್ಲಿ ಅವರು ನನ್ನ ಅರ್ಧವನ್ನು ನನಗೇ ಹೇಳಿದರು: ಹತ್ತಿರವಾದಂತೆ ನೀರಿನ ಸದ್ದು ಗೊರಸಿನ ಸದ್ದಾಗುವುದು, ಮುಟ್ಟಿದ ಮೇಲೂ ಕೋಣಗಳಿಗೆ ಓಟ ಮುಗಿದದ್ದು ತಿಳಿಯದಿರುವುದು, ಓಟಗಾರ ಬಾಯಲ್ಲಿ ತುಂಬಿದ ಕೆಸರನ್ನು ಉಗಿದು ಮೊದಲು ಹಿಂದಿರುಗಿ ನೋಡುವುದು. ನಾನು ಕಿವಿಯ ವಿಷಯ ಹೇಳಿದೆ. ಬಿಟ್ಟದ್ದು ಎರಡನೆಯ ಸಲ ತುಸು ತಡವಾಯಿತೆಂದು ಒಪ್ಪಿಕೊಂಡೆ. ಅದು ಮಂಜೊಟ್ಟಿಯಿಂದಲೂ ಗೊತ್ತಾಯಿತು ಎಂದರು. ಬಜಗೋಳಿ ದಾಟುವಾಗ ಅವರು ಮಾತ್ರೆ ಕೇಳಿದರು, ಖಾಲಿ ಹೊಟ್ಟೆಯಲ್ಲಿ ಬೇಡವೆಂದು ಹೋಟೆಲಿನ ಎದುರು ಲಾರಿ ನಿಲ್ಲಿಸಿದೆವು. ನೀರುದೋಸೆ ಬರುವಷ್ಟರಲ್ಲಿ ಅಪ್ಪ ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಿನಿಂದ ನೊಗದ ಗೆರೆ ಎಳೆದು, ಕುಟ್ಟಿಯ ಬದಿಯ ಕಟ್ಟನ್ನು ಎಲ್ಲಿಗೆ ಇಳಿಸಬೇಕೆಂದು ತೋರಿಸುತ್ತಿದ್ದರು. ಭಾನುವಾರ ಕುದಿ ಇಟ್ಟುಕೊಳ್ಳೋಣ, ಹುಡುಗರಿಗೆ ಹೇಳಿಬಿಡು ಎಂದರು. ಗಂತಿನಲ್ಲಿ ಯಾರು ನಿಲ್ಲುವುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.