ಅಲ್ಲಿ ಊಟಕ್ಕೆ ಏನ್ ಮಾಡ್ತೀಯಾ?

ಗಾರ್ಮೆಂಟ್ಸ್ ಕೆಲಸದ ಮೇಲೆ ವಿಯೆಟ್ನಾಂನ ಹೊ ಚಿ ಮಿನ್ ಸಿಟಿಗೆ ಬಂದು ನಾಲ್ಕು ವರ್ಷ ಆಯಿತು. ಊರಿಗೆ ಹೋದಾಗಲೆಲ್ಲ ಬಸ್ ಇಳಿದಲ್ಲಿಂದ ಶುರು. ಕೆಲಸ ಹೇಗಿದೆ, ಸಂಬಳ ಎಷ್ಟು, ಮಳೆ ಬರುತ್ತಾ, ಯಾರೂ ಕೇಳುವುದಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಏನ್ ಮಾಡ್ತೀಯಾ?" ಮೊದಮೊದಲು ನಗುನಗುತ್ತಾ ಹೇಳುತ್ತಿದ್ದೆ. ಈಗ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಉತ್ತರ: ಊಟ ಮಾಡುತ್ತೇನೆ. ಸುಮಾರು ಹತ್ತು ಕೋಟಿ ಜನರಿರುವ ದೇಶ ಅದು. ಅವರೂ ಉಪವಾಸ ಇಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವಾಗಿನ ಮುಖಕ್ಕೆ. ಮೊದಲು "ಪಾಪ" ಅನ್ನುವ ಮುಖ. ಆಮೇಲೆ ಮೂಗು ಸ್ವಲ್ಪ ಮೇಲೆ ಹೋಗುತ್ತದೆ, ದನಿ ಕೆಳಗೆ ಬರುತ್ತದೆ. "ಹುಳ ಹುಪ್ಪಟೆ ಎಲ್ಲಾ ತಿಂತಾರಂತೆ, ಹೌದಾ?"

ಹೋದ ವರ್ಷ ಚಿಕ್ಕಮ್ಮನ ಮಗಳ ಬೀಗರೂಟ. ಮಂಡ್ಯದ ಹತ್ತಿರದ ಊರು. ನಮ್ಮ ಕಡೆ ಬೀಗರೂಟ ಅಂದರೆ ಬಾಡೂಟವೇ, ಗೊತ್ತಲ್ವಾ. ಎಲೆ ಮೇಲೆ ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ, ಕೈಮ ಉಂಡೆ, ಪಲಾವ್. ಎದುರಿಗೆ ನನ್ನ ದೊಡ್ಡಪ್ಪ. ನಲ್ಲಿ ಮೂಳೆ ಹಿಡಿದು ಅಂಗೈಗೆ ಎರಡು ಸಲ ಕುಟ್ಟಿ, ಒಳಗಿನದ್ದನ್ನು ಸುರ್ ಅಂತ ಹೀರಿದರು. ಬಾಯಿ ಒರೆಸಿಕೊಂಡು ಕೇಳಿದರು. "ಅಲ್ಲವ್ವ, ಊಟಕ್ಕೇನ್ ಮಾಡ್ತೀಯ ಅಲ್ಲಿ? ಆ ಜನ ಕರುಳೂ ಬುಡಕ್ಕಿಲ್ವಂತೆ?"

"ದೊಡ್ಡಪ್ಪ, ನಿಮ್ಮ ಎಲೆ ಮೇಲೆ ಇರೋದೇನು?"

ನೋಡಿಕೊಂಡರು. "ಇದಾ? ಇದು ಬೋಟಿ ಕಣವ್ವ."

ಇಡೀ ಪಂಕ್ತಿಯಲ್ಲಿ ನಗು ಬಂದದ್ದು ನನಗೊಬ್ಬಳಿಗೇ. ಉಳಿದವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಅವರ ಎಲೆಯ ಅಂಚಿನಲ್ಲಿ ಪಲಾವಿನಿಂದ ಆರಿಸಿಟ್ಟ ಚಕ್ರಮೊಗ್ಗು ಬಿದ್ದಿತ್ತು. ವಿಯೆಟ್ನಾಂನ ಉತ್ತರದಲ್ಲಿ, ಚೀನಾ ಗಡಿಗೆ ಹತ್ತಿಕೊಂಡಂತೆ ಲಾಂಗ್ ಸನ್ ಅಂತ ಬೆಟ್ಟದ ಸೀಮೆ ಇದೆ. ಅಲ್ಲಿ ಇದನ್ನು ಬೆಳೆಯುತ್ತಾರೆ. ಆ ದೇಶದ ಚಕ್ರಮೊಗ್ಗನ್ನು ಜಾಸ್ತಿ ಕೊಳ್ಳುವವರಲ್ಲಿ ನಾವೂ ಇದ್ದೇವೆ. ಅಂಗಡಿ ಚಕ್ಕೆ ಕೂಡ ಎಷ್ಟೋ ಸಲ ಅಲ್ಲಿಂದಲೇ ಬಂದಿರುತ್ತದೆ. ಅವರ ಮಸಾಲೆ ನಮ್ಮ ಪಲಾವಿಗೆ ಆಗುತ್ತದೆ, ಅವರ ಸಾರು ಮಾತ್ರ ಆಗುವುದಿಲ್ಲ. ಇದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ತಿಳಿಸಾರು ಬಂದಿತ್ತು.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳುತ್ತಾರೆ. "ಆ ಫೋ ಅಂತಾರಲ್ಲ, ಅದ್ರಲ್ಲಿ ದನದ್ದು ಹಾಕ್ತಾರಂತೆ?" ಹೌದು, ಹಾಕುತ್ತಾರೆ. ದನದ ಮೂಳೆ ಗಂಟೆಗಟ್ಟಲೆ ಕುದಿಸಿ ಮಾಡಿದ ಸಾರು, ಅಕ್ಕಿ ನೂಡಲ್ಸ್, ಮೇಲೆ ತೆಳ್ಳಗೆ ಕೊಯ್ದ ಮಾಂಸ. ಆದರೆ ಅಲ್ಲೂ ಹಿಂದೆ ದನ, ಎಮ್ಮೆ ಇದ್ದದ್ದು ಗದ್ದೆ ಉಳುವುದಕ್ಕೇ. ಫ್ರೆಂಚರು ಬಂದ ಮೇಲೆ ಮಾಂಸದ ಅಂಗಡಿಗಳು ಜಾಸ್ತಿಯಾದವು, ಮೂಳೆ ಅಗ್ಗಕ್ಕೆ ಸಿಕ್ಕಿತು. ಹನೋಯ್, ನಾಮ್ ದಿನ್ ಕಡೆ ಫೋ ಶುರುವಾದದ್ದು 1900ರ ನಂತರದ ಆ ದಿನಗಳಲ್ಲಿ. ಕೋಳಿ ಫೋ ಆಮೇಲೆ ಬಂತು. ನಾನು ದಿನಾ ತಿನ್ನುವುದು ಕೋಳಿಯದ್ದು. ಇನ್ನೊಂದನ್ನು ತಿನ್ನುತ್ತೇನೋ ಇಲ್ಲವೋ, ಹೇಳುವುದಿಲ್ಲ. ನಿಮ್ಮ ಫ್ರಿಜ್‌ನಲ್ಲಿ ಏನಿದೆ ಅಂತ ನಾನು ಯಾವತ್ತಾದರೂ ಕೇಳಿದ್ದೇನಾ?

ವೆಜ್ ಸಿಗಲ್ವಾ ಅನ್ನುವವರಿಗೆ: ಸಿಗುತ್ತದೆ. "ಚಾಯ್" ಅಂತ ಬೋರ್ಡ್ ಇದ್ದ ಕಡೆ ಹೋಗಿ. ಟೀ ಅಲ್ಲ, ಸಸ್ಯಾಹಾರ ಅಂತ. ಅಮಾವಾಸ್ಯೆ, ಹುಣ್ಣಿಮೆ ಲೆಕ್ಕದಲ್ಲಿ ತಿಂಗಳಿಗೆ ಎರಡು ದಿನ ಅಲ್ಲೂ ಬಹಳ ಜನ ಮಾಂಸ ಮುಟ್ಟುವುದಿಲ್ಲ. ನಮ್ಮ ಮನೆಯ ಸೋಮವಾರ, ಶನಿವಾರದ ಹಾಗೆ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. "ಹೇಗಿರುತ್ತೆ?"

ಕೇಳಿದ್ದರೆ ಹೇಳುತ್ತಿದ್ದೆ. ನಮ್ಮ ರಸ್ತೆ ತುದಿಯಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ಆರಕ್ಕೆಲ್ಲ ಒಲೆ ಮುಂದೆ ಇರುತ್ತಾರೆ. ನಾನು "ಚಿ" ಅನ್ನುತ್ತೇನೆ, ಅಕ್ಕ ಅಂತ. ಅವರು ನನ್ನನ್ನು "ಎಮ್" ಅನ್ನುತ್ತಾರೆ, ತಂಗಿ ಅಂತ. ಕೂರುವುದಕ್ಕೆ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲ್. ಒಂದು ಹಿಡಿ ನೂಡಲ್ಸನ್ನು ಜಾಲರಿಯಲ್ಲಿ ಕುದಿನೀರಿಗೆ ಅದ್ದಿ, ಎರಡು ಸಲ ಕುಲುಕಿ, ಬಟ್ಟಲಿಗೆ ಕವುಚುತ್ತಾರೆ. ಮೇಲೆ ಕೈಯಲ್ಲೇ ಸೀಳಿದ ಕೋಳಿ, ಈರುಳ್ಳಿ ಹೂವು, ಆಮೇಲೆ ಸೌಟು ತುಂಬಾ ಸಾರು. ಸಾರು ಎಷ್ಟು ತಿಳಿ ಅಂದರೆ ಬಟ್ಟಲಿನ ತಳದ ಹೂವಿನ ಚಿತ್ರ ಕಾಣುತ್ತದೆ. ಪಕ್ಕದಲ್ಲಿ ಒಂದು ತಟ್ಟೆ ಸೊಪ್ಪು: ತುಳಸಿ ಜಾತಿಯದ್ದೊಂದು, ಗರಗಸದ ಹಲ್ಲಿನಂಥ ಅಂಚಿರುವ ಕೊತ್ತಂಬರಿ, ಮೊಳಕೆ ಕಾಳು, ನಿಂಬೆ, ಮೆಣಸಿನಕಾಯಿ. ಈ ಸೊಪ್ಪಿನ ತಟ್ಟೆ ದಕ್ಷಿಣದವರದ್ದು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ಇಲ್ಲಿಗೆ ಬಂದರು, ಅವರ ಜೊತೆ ಫೋ ಕೂಡ ಬಂತು. ಇಲ್ಲಿಯವರು ಅದಕ್ಕೆ ಸೊಪ್ಪು, ಸಿಹಿ ಎಲ್ಲ ಸೇರಿಸಿಕೊಂಡರು. ಹನೋಯ್‌ನವರು ಈಗಲೂ ಮುಖ ಸಿಂಡರಿಸುತ್ತಾರೆ. ಎಲ್ಲ ಕಡೆ ಒಬ್ಬೊಬ್ಬ ದೊಡ್ಡಪ್ಪ ಇರುತ್ತಾರೆ ಅಂತ ಕಾಣುತ್ತದೆ.

ಅಂದಹಾಗೆ, "ಫೋ" ಅಂತ ನಾನು ಬರೆಯುತ್ತಿರುವುದೇ ತಪ್ಪು. "ಫ" ಅಂದು, ದನಿ ಇಳಿಸಿ, ಏನೋ ಕೇಳುವ ಹಾಗೆ ಮೇಲೆತ್ತಬೇಕು. ಆ ಸ್ವರದ ಹೆಸರೇ "ಹೊಯ್". ಹಾಗಂದರೆ ಕೇಳು ಅಂತ.

ಮೀನಿನ ಸಾಸ್ ಬಗ್ಗೆ ಮುಚ್ಚಿಡುವುದಿಲ್ಲ. ಸಣ್ಣ ಮೀನು, ಉಪ್ಪು ಸೇರಿಸಿ ಮರದ ದೊಡ್ಡ ಪೀಪಾಯಿಯಲ್ಲಿ ವರ್ಷದ ಹತ್ತಿರ ಇಟ್ಟು ಇಳಿಸಿದ ರಸ. ಮೊದಲ ದಿನ ವಾಸನೆಗೆ ಎದ್ದು ಆಚೆ ಹೋಗಿದ್ದೆ. ಎರಡನೇ ತಿಂಗಳಿಗೆ ಅದಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಒಣಮೀನು ಸಾರು ತಿಂದು ಬೆಳೆದವಳಿಗೆ ಅಷ್ಟು ಬಿಂಕ ಯಾಕೆ ಅಂತ ಆಮೇಲೆ ನನಗೇ ನಾಚಿಕೆ ಆಯಿತು.

ಸರಿಯಾದ ಪ್ರಶ್ನೆ ಕೇಳಿದವಳು ಅವ್ವ ಒಬ್ಬಳೇ. ಒಂದು ರಾತ್ರಿ ಫೋನಿನಲ್ಲಿ, "ಆ ಸಾರಿಗೆ ಏನೇನ್ ಹಾಕ್ತರೆ?" ಅಂದಳು. ಈರುಳ್ಳಿ, ಶುಂಠಿಯನ್ನು ಸಿಪ್ಪೆ ಸಮೇತ ಬೆಂಕಿಯಲ್ಲಿ ಕಪ್ಪಗಾಗುವಷ್ಟು ಸುಡುತ್ತಾರೆ ಅಂದೆ. ಚಕ್ರಮೊಗ್ಗು, ಚಕ್ಕೆ, ಕೊತ್ತಂಬರಿ ಬೀಜ ಹುರಿದು ಹಾಕುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಸ್ಸಾರಿಗೆ ನಾವೂ ಈರುಳ್ಳಿ ಕೆಂಡುಕ್ಕೆ ಹಾಕ್ತಿದ್ವಲ್ಲ" ಅಂದಳು. ಅಕ್ಕಿ ಹಿಟ್ಟಿಗೆ ಅರಿಶಿನ ಹಾಕಿ ಹುಯ್ಯುವ ಬಾನ್ ಸೆಯೋ ಬಗ್ಗೆಯೂ ಹೇಳಿದೆ. ಹಿಟ್ಟು ಕಾವಲಿಗೆ ಬಿದ್ದಾಗಿನ ಸದ್ದೇ ಅದರ ಹೆಸರು. ಅವಳ ಬಾಯಲ್ಲಿ ಅದು ಅವತ್ತಿನಿಂದ "ಚುಂಯ್ ದೋಸೆ".

ಈ ಸಲ ರಜಕ್ಕೆ ಹೋದಾಗ ನಾಟಿ ಕೋಳಿ ತರಿಸಿ ನಾನೂ ಅವ್ವನೂ ಫೋ ಮಾಡಿದೆವು. ನೂಡಲ್ಸ್ ಬದಲು ಅಕ್ಕಿ ಶಾವಿಗೆ ಒತ್ತಿದೆವು. ಸೊಪ್ಪಿಗೆ ಕೊತ್ತಂಬರಿ, ಪುದೀನ. ಮೀನಿನ ಸಾಸ್ ಮಾತ್ರ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ತಂದಿದ್ದೆ. ಅವ್ವ ದೊಡ್ಡಪ್ಪನನ್ನೂ ಕರೆದಳು. ಜಗಲಿ ಮೇಲೆ ಕೂತು, ನಿಂಬೆಹಣ್ಣು ಹಿಂಡಿಕೊಂಡು, ಎರಡು ಬಟ್ಟಲು ಖಾಲಿ ಮಾಡಿದರು. ಮೂಳೆಯನ್ನೂ ಬಿಡಲಿಲ್ಲ. ಕೈ ತೊಳೆದು, ಟವಲಿನಲ್ಲಿ ಮೀಸೆ ಒರೆಸಿಕೊಂಡು ಹೇಳಿದರು.

"ಚೆನ್ನಾಗದೆ ಕಣವ್ವ. ಊಟ ಎಷ್ಟೊತ್ಗೆ?"