ಕರೆದು ಕರೆದು ಕೊನೆಗೆ ಮತಾಂತರ ಮಾಡೋದೇ ಅಲ್ವಾ?

ನಮ್ಮ ಚರ್ಚಿನ ಪರವಾಗಿ ಧರ್ಮಪ್ರಚಾರ ಮಾಡುವ ಸೇವೆ, ಅಂದರೆ ಮಿಷನ್, ಮುಗಿಸಿ ಶಿವಮೊಗ್ಗಕ್ಕೆ ಬಂದ ಮೇಲೆ ನನ್ನನ್ನು ಜನ ಜಾಸ್ತಿ ಕೇಳಿರುವ ಪ್ರಶ್ನೆ ಇದು. ಗಾಂಧಿ ಬಜಾರಿನಲ್ಲಿ ಸಿಕ್ಕ ಹಳೇ ಕ್ಲಾಸ್‌ಮೇಟ್ ನಗುತ್ತಾ ಕೇಳುತ್ತಾಳೆ. ಭದ್ರಾವತಿಯ ಅತ್ತೆ ಸಿಟ್ಟಿನಲ್ಲಿ ಕೇಳುತ್ತಾರೆ. ಮಹಡಿ ಮನೆಯ ಅಂಕಲ್ ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ ಕೇಳುತ್ತಾರೆ. ಮಾತು ಮಾತ್ರ ಒಂದೇ: "ನೀವು ಬನ್ನಿ ಬನ್ನಿ ಅಂತ ಕರೀತೀರಲ್ಲ, ಅದರ ಹಿಂದೆ ಇರೋದು ಮತಾಂತರವೇ ಅಲ್ವಾ?"

ನಿಂತಲ್ಲೇ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಬರೆದುಬಿಡುತ್ತೇನೆ.

ನಾನು ಮಾರ್ಮನ್ ಅಂತ ಜನ ಕರೆಯುವ ಕ್ರೈಸ್ತ ಸಭೆಯವಳು (ಸಭೆ ಅಂದರೆ ಚರ್ಚು). ಸರಿಯಾದ ಹೆಸರು 'ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ'. 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು. ಈಗ ಕೇಂದ್ರ ಇರುವುದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬೈಬಲ್ ಜೊತೆಗೆ ಮಾರ್ಮನ್ ಗ್ರಂಥವನ್ನೂ ಓದುತ್ತೇವೆ. ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಬಳಸಿ ಅಂತ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಹೇಳಿದರು. ನಾನೂ ಪ್ರಯತ್ನ ಪಡುತ್ತೇನೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ತೀರ್ಥಹಳ್ಳಿ ಬಸ್ಸು ಹೊರಟಿರುತ್ತದೆ.

ಹುಟ್ಟಿ ಬೆಳೆದದ್ದು ಭದ್ರಾವತಿಯ ಕ್ರೈಸ್ತ ಮನೆಯಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಈ ಸಭೆ ಸೇರಿದೆ. ಬೇರೆ ಸಭೆಯಲ್ಲಿ ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಆಗಿದ್ದರೂ ನಮ್ಮಲ್ಲಿ ಮತ್ತೆ ಆಗಬೇಕು. ಅತ್ತೆಯ ಸಿಟ್ಟಿಗೆ ಕಾರಣ ಇದೇ. "ಹಾಗಾದ್ರೆ ನಾವು ಮಾಡಿಸಿದ್ದು ಸ್ನಾನ ಅಲ್ವೇನೇ?" ಅಂತ ಇವತ್ತಿಗೂ ಕೇಳುತ್ತಾರೆ. ಮತಾಂತರದ ಪ್ರಶ್ನೆ ಹಿಂದೂಗಳು ಮಾತ್ರ ಕೇಳುವುದು ಅಂದುಕೊಳ್ಳಬೇಡಿ. ನಮ್ಮ ಮನೆಯೊಳಗೇ ಮೊದಲು ಎದ್ದದ್ದು.

ಆಮೇಲೆ ಮಿಷನ್‌ಗೆ ಹೋದೆ. ಗಂಡು ಹುಡುಗರಿಗೆ 24 ತಿಂಗಳು, ಹೆಣ್ಣು ಮಕ್ಕಳಿಗೆ 18. ಸಂಬಳ ಇಲ್ಲ. ಖರ್ಚಿಗೆ ನಾವೂ ಮನೆಯವರೂ ಕೈಲಾದಷ್ಟು ಹಾಕಬೇಕು. ಎದೆ ಮೇಲೆ ಕಪ್ಪು ಬ್ಯಾಡ್ಜು, ಜೊತೆಗೆ ಯಾವಾಗಲೂ ಇನ್ನೊಬ್ಬ ಮಿಷನರಿ. ಒಬ್ಬರೇ ತಿರುಗುವ ಹಾಗಿಲ್ಲ. ನನ್ನನ್ನು ತಮಿಳುನಾಡಿಗೆ ಕಳಿಸಿದರು. ಭದ್ರಾವತಿಯಲ್ಲಿ ಬೆಳೆದವರಿಗೆ ತಮಿಳು ಏನು ಹೊಸದಾ! ಬ್ಯಾಡ್ಜಿನಲ್ಲಿ 'ಸಿಸ್ಟರ್' ಅಂತ ಇರುವುದರಿಂದ ನಮ್ಮೂರಿನ ಅರ್ಧ ಜನ ನಾನು ಕಾನ್ವೆಂಟಿಗೆ ಸೇರಿ ಓಡಿ ಬಂದವಳು ಅಂತಲೇ ನಂಬಿದ್ದಾರೆ. ಮದುವೆ ಗೊತ್ತಾದಾಗ ಅವರಿಗೆ ಆದ ಗಾಬರಿ ನೋಡಬೇಕಿತ್ತು.

ಈಗ ಪ್ರಶ್ನೆಗೆ ಬರೋಣ. ಉತ್ತರ ಹೌದು. ನಾನು ನಂಬಿದ್ದನ್ನು ನೀವೂ ನಂಬಿದರೆ ನನಗೆ ಖುಷಿ. "ಛೇ ಛೇ, ಸುಮ್ನೆ ಫ್ರೆಂಡ್‌ಶಿಪ್‌ಗೆ ಕರೆದೆ" ಅಂತ ಹೇಳುವ ಮಿಷನರಿಯನ್ನು ನೀವು ನಂಬಬೇಡಿ. ಆದರೆ ನನ್ನ ಆಸೆ ಒಂದು, ನಿಮ್ಮನ್ನು ಕರೆದಿರುವ ಕೆಲಸ ಇನ್ನೊಂದು. ಭಾನುವಾರದ ಸಭೆಗೆ ಬನ್ನಿ ಅಂದರೆ ಅಷ್ಟಕ್ಕೇ. ಎರಡು ಗಂಟೆ ಕೂರುತ್ತೀರಿ. ಸಂಬಳದ ಪಾದ್ರಿ ಇರುವುದಿಲ್ಲ, ನಮ್ಮಂಥವರೇ ಎದ್ದು ಮಾತಾಡುತ್ತಾರೆ. ಕೆಲವರ ಮಾತು ಚೆನ್ನಾಗಿರುತ್ತದೆ, ಕೆಲವರದು ನಿದ್ದೆ ತರಿಸುತ್ತದೆ. ಯೇಸುವಿನ ನೆನಪಿಗೆ ರೊಟ್ಟಿಯ ಚೂರು ಮತ್ತು ನೀರು ಹಂಚುತ್ತಾರೆ. ಬೇಡ ಅಂದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದರಾಯಿತು. ಕಾಣಿಕೆ ತಟ್ಟೆ ಬರುವುದಿಲ್ಲ. ಮುಗಿದ ಮೇಲೆ ಮನೆಗೆ ಹೋಗುತ್ತೀರಿ. ಇದಕ್ಕೆ ಹೌದು ಅಂದವರು ಬೇರೆ ಯಾವುದಕ್ಕೂ ಹೌದು ಅಂದ ಹಾಗಲ್ಲ.

ಕಷ್ಟ ಇರುವುದು ಕರೆಯುವವರು ಇದನ್ನು ಮರೆತಾಗ. ಊಟಕ್ಕೆ ಬನ್ನಿ ಅಂತ ಕರೆದು, ಅನ್ನ ಬಡಿಸುವ ಹೊತ್ತಿಗೆ ಒಳಗಿನಿಂದ ಇಬ್ಬರು ಮಿಷನರಿಗಳನ್ನು ಹೊರಡಿಸುವುದು ಇದೆಯಲ್ಲ, ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬಂದವರಿಗೆ ಎದ್ದು ಹೋಗಲೂ ಆಗದು, ಕೇಳಲೂ ಆಗದು. ಕರೆಯುವಾಗಲೇ "ಮಿಷನರಿಗಳೂ ಇರುತ್ತಾರೆ, ಯೇಸುವಿನ ಬಗ್ಗೆ ಮಾತಾಡ್ತಾರೆ" ಅಂತ ಹೇಳಿದರೆ ಬಾರದೆ ಹೋಗಬಹುದು. ಹೋಗಲಿ. ಹೇಳದೆ ಕರೆದು ಕೂರಿಸುವುದಕ್ಕಿಂತ ಅದೇ ಮೇಲು.

ಇದಕ್ಕೆ ನಮ್ಮ ಬೀದಿಯ ಮೇಷ್ಟ್ರ ಕಥೆ ಹೇಳಬೇಕು. ರಿಟೈರಾದ ಹೈಸ್ಕೂಲ್ ಮೇಷ್ಟ್ರು, ಕೊಪ್ಪದ ಕಡೆಯವರು. ವಂಶಾವಳಿ ಅಂದರೆ ಪ್ರಾಣ. ನಮ್ಮ ಸಭೆಯವರು ನಡೆಸುವ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್ ಇದೆ. ಯಾರು ಬೇಕಾದರೂ ದುಡ್ಡಿಲ್ಲದೆ ತಮ್ಮ ವಂಶವೃಕ್ಷ ಹಾಕಿಡಬಹುದು. ಮೇಷ್ಟ್ರಿಗೆ ತೋರಿಸಿದೆ. ಕಣ್ಣು ಅರಳಿತು. ಹಳೇ ಡೈರಿಯ ಹಿಂದಿನ ಪುಟಗಳಲ್ಲಿ ಮುತ್ತಜ್ಜನ ಅಪ್ಪನವರೆಗೆ ಗೆರೆ ಎಳೆದು ಹೆಸರು ಬರೆದಿಟ್ಟಿದ್ದರು. ಕೆಲವು ಕಡೆ ಶಾಯಿ ಕದಡಿತ್ತು. ಗಂಡಸರ ಹೆಸರು ಸಾಲಾಗಿ ಇದ್ದವು. ಹೆಂಗಸರ ಜಾಗದಲ್ಲಿ 'ಹೆಂಡತಿ, ಬಾಳೆಹೊನ್ನೂರು ಕಡೆ' ಅಂತ ಅಷ್ಟೇ.

ಟೈಪ್ ಮಾಡುವ ಮೊದಲು ಒಂದು ವಿಷಯ ಹೇಳಿದೆ. ನಮ್ಮ ಸಭೆಯವರು ಹೆಸರು ಹುಡುಕುವುದಕ್ಕೆ ಒಂದು ಕಾರಣ ಇದೆ. ತೀರಿಹೋದ ಪೂರ್ವಜರ ಪರವಾಗಿ ನಮ್ಮ ಸಭೆಯ ದೇವಾಲಯದಲ್ಲಿ ನಾವು ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇವೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು ಅಂತ ನಮ್ಮ ನಂಬಿಕೆ. ಅವರವರ ಪೂರ್ವಜರ ಹೆಸರನ್ನು ಮಾತ್ರ ಕೊಡಬೇಕು, ಬೇರೆಯವರದನ್ನು ಕೊಡಬಾರದು ಅಂತ ಸಭೆಯ ನಿಯಮವಿದೆ. ಆದರೂ ಹೆಸರು ಅಲ್ಲಿಗೆ ಹೋಗುವ ಮೊದಲು ನಿಮಗೆ ಇದು ಗೊತ್ತಿರಬೇಕು ಅಂದೆ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಯಮ ಇದೆ ಅಂತೀಯ. ಸರಿ. ಆದ್ರೂ ನಮ್ಮಜ್ಜ ಮಡಿ ಅಂದ್ರೆ ಮಡಿ ಕಣಮ್ಮ. ಅವರ ಹೆಸರು ಅಲ್ಲಿ ಬೇಡ. ಪುಸ್ತಕದಲ್ಲೇ ಬರಿ" ಅಂದರು.

ದೊಡ್ಡ ರೂಲ್ಡ್ ಪುಸ್ತಕ ತಂದು ಅದರಲ್ಲೇ ಬರೆದೆವು. ಸಂಜೆ ಹೊತ್ತು ಅವರು ಹೇಳುವುದು, ನಾನು ಬರೆಯುವುದು. ಅವರ ಅಕ್ಕ ಶೃಂಗೇರಿಯಿಂದ ಫೋನಿನಲ್ಲಿ ಅಜ್ಜಿಯರ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿ ಹೇಳಿದರು. ಬಾಳೆಹೊನ್ನೂರು ಕಡೆಯ ಹೆಂಡತಿಗೂ ಒಂದು ಹೆಸರು ಸಿಕ್ಕಿತು. ನಮ್ಮ ಸಭೆಯ ಲೆಕ್ಕದಲ್ಲಿ ಇದರಿಂದ ಏನೂ ಬರಲಿಲ್ಲ. ನಾನು ಮುಚ್ಚಿಟ್ಟು ಟೈಪ್ ಮಾಡಿಬಿಟ್ಟಿದ್ದರೆ, ಆಮೇಲೆ ಯಾರಿಂದಲೋ ಅವರಿಗೆ ಗೊತ್ತಾಗಿದ್ದರೆ? ಆ ಮನೆ ಮೆಟ್ಟಿಲು ಹತ್ತಲು ನನಗೆ ಮುಖ ಇರುತ್ತಿತ್ತಾ?

ಕಾನೂನಿನ ಮಾತೂ ಬರುತ್ತದೆ, ಅದರಲ್ಲೂ ಮಹಡಿ ಮನೆಯ ಅಂಕಲ್‌ಗೆ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಪಾಲಿಸಲು ಮಾತ್ರವಲ್ಲ, ಪ್ರಚಾರ ಮಾಡಲೂ ಹಕ್ಕು ಕೊಟ್ಟಿದೆ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಆಮಿಷ, ಮೋಸದ ಮತಾಂತರವನ್ನು ಅಪರಾಧ ಮಾಡಿತು. ಈ ಕಾಯ್ದೆಯ ಬಗ್ಗೆ ನನಗೆ ತಕರಾರುಗಳಿವೆ. ಆದರೆ 1977ರ ತೀರ್ಪಿನ ಆ ಒಂದು ಮಾತಿಗೆ ನನ್ನ ತಕರಾರಿಲ್ಲ. ನಂಬಿಕೆ ಬದಲಾಗುವುದು ಅವರವರ ಒಳಗೆ. ನಾನು ಹೇಳಬಹುದು, ಕರೆಯಬಹುದು. ಅಲ್ಲಿಗೆ ನನ್ನ ಪಾಲು ಮುಗಿಯಿತು.

ಆಮಿಷದ ವಿಷಯದಲ್ಲಿ ನಾನು ಇಟ್ಟುಕೊಂಡ ಗೆರೆ ಕಾನೂನಿಗಿಂತ ಬಿಗಿ. ಆಸ್ಪತ್ರೆ ಬಿಲ್ಲಿಗೆ ದುಡ್ಡು ಕೇಳಿ ಬಂದವರ ಹತ್ತಿರ ದೇವರ ಮಾತು ಎತ್ತುವುದಿಲ್ಲ. ಕೈಲಾದದ್ದು ಕೊಡುತ್ತೇನೆ, ಬಾಯಿ ಮುಚ್ಚಿಕೊಂಡಿರುತ್ತೇನೆ. ಕೆಲಸ ಹುಡುಕುತ್ತಿರುವವರು, ಮನೆಯಲ್ಲಿ ಜಗಳವಾಗಿ ಬಂದವರು, ಇವರಿಗೂ ಅದೇ. ಬೇಡ ಅನ್ನುವ ತಾಕತ್ತು ಇರುವವರನ್ನು ಮಾತ್ರ ಕರೆಯಬೇಕು. ಸಭೆಗೂ ಒಂದಿಷ್ಟು ನಿಯಮಗಳಿವೆ. 18 ತುಂಬದವರಿಗೆ ತಂದೆತಾಯಿ ಒಪ್ಪದೆ ದೀಕ್ಷಾಸ್ನಾನ ಇಲ್ಲ. ಮದುವೆಯಾದವರಿಗೆ ಗಂಡನೋ ಹೆಂಡತಿಯೋ ಒಪ್ಪಬೇಕು. 'ಮನೆ ಒಡೆಯುವವರು' ಅಂತ ಬೈಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಕಾಫಿ. ಮಲೆನಾಡಿನಲ್ಲಿ ಕಾಫಿ ಕುಡಿಯದ ಮಾರ್ಮನ್ ಆಗಿರುವ ಕಷ್ಟವನ್ನು ಯಾರೂ ಬರೆದ ಹಾಗಿಲ್ಲ. 1833ರಲ್ಲಿ ಜೋಸೆಫ್ ಸ್ಮಿತ್‌ಗೆ ಸಿಕ್ಕಿತು ಅನ್ನುವ ಒಂದು ಉಪದೇಶವಿದೆ. ಮದ್ಯ, ತಂಬಾಕು, 'ಬಿಸಿ ಪಾನೀಯ' ಬೇಡ ಅಂತ. ಬಿಸಿ ಪಾನೀಯ ಅಂದರೆ ಕಾಫಿ ಮತ್ತು ಟೀ ಅಂತ ಸಭೆಯ ಹಿರಿಯರು ಹೇಳಿದ್ದಾರೆ. ಹೊಸನಗರದ ಹತ್ತಿರ ಗೆಳತಿಯ ತವರಿಗೆ ಹೋಗಿದ್ದೆ. ಕಾಲು ತೊಳೆದು ಜಗಲಿಯಲ್ಲಿ ಕೂರುವಷ್ಟರಲ್ಲಿ ಬೆಲ್ಲ ನೀರು ಬಂತು. ಹಿಂದೆಯೇ ಅವರ ಅಮ್ಮ ಫಿಲ್ಟರ್ ಕಾಫಿ ತಂದರು. ಅವರದೇ ತೋಟದ ಬೀಜ, ಅವರೇ ಹುರಿದದ್ದು. ಲೋಟದಿಂದ ಏಳುವ ಆ ವಾಸನೆ! ಬೇಡ ಅಂದೆ. ಅವರ ಮುಖ ಸಪ್ಪಗಾಯಿತು.

"ಹುಷಾರಿಲ್ವಾ?"

"ಹುಷಾರಾಗಿದ್ದೀನಿ ಅಮ್ಮ. ನಮ್ಮ ಸಭೆಯಲ್ಲಿ ಕಾಫಿ ಟೀ ಕುಡಿಯಲ್ಲ. ದೇವರಿಗೆ ಕೊಟ್ಟ ಮಾತು."

"ಅಯ್ಯೋ, ಹಾಗಾದ್ರೆ ಕಷಾಯ ಕುಡೀಬಹುದಾ? ಅದೂ ಬಿಸಿನೇ ಅಲ್ವಾ?"

ಈ ಪ್ರಶ್ನೆಯನ್ನು ತರಬೇತಿಯಲ್ಲಿ ನಮಗೆ ಯಾರೂ ಕೇಳಿರಲಿಲ್ಲ. ಕುಡೀಬಹುದು ಅಂದೆ. ಕೊತ್ತಂಬರಿ ಜೀರಿಗೆ ಪುಡಿ ಹಾಕಿ, ಹಾಲು ಬೆಲ್ಲ ಬೆರೆಸಿ ಕುದಿಸಿ ತಂದರು. ಪಕ್ಕದಲ್ಲಿ ಕೂತು ಇನ್ನೂ ಕೇಳಿದರು. ಏನು ಮಾತು ಕೊಡುತ್ತೀರಿ, ಯಾವಾಗ ಕೊಡುತ್ತೀರಿ, ಮುರಿದರೆ ಏನಾಗುತ್ತದೆ? ಕೇಳಿದ್ದಕ್ಕೆಲ್ಲ ಹೇಳಿದೆ. ಅವರು ತಮ್ಮ ಶನಿವಾರದ ಒಪ್ಪತ್ತಿನ ಬಗ್ಗೆ ಹೇಳಿದರು. ನಾವು ತಿಂಗಳ ಮೊದಲ ಭಾನುವಾರ ಉಪವಾಸ ಮಾಡಿ, ಉಳಿದ ಊಟದ ದುಡ್ಡನ್ನು ಇಲ್ಲದವರಿಗೆ ಕೊಡುತ್ತೇವೆ ಅಂದಾಗ "ಇದು ಒಳ್ಳೇದು ಕಣೇ" ಅಂತ ಮಗಳ ಕಡೆ ತಿರುಗಿ ಹೇಳಿದರು. ನಾನು ಅವರನ್ನು ಯಾವುದಕ್ಕೂ ಕರೆಯಲಿಲ್ಲ. ಆದರೆ ಬ್ಯಾಡ್ಜ್ ಹಾಕಿ ಕೊಟ್ಟ ಎಷ್ಟೋ ಪಾಠಗಳಿಗಿಂತ ಆ ಜಗಲಿಯ ಮಾತು ದೂರ ಹೋಯಿತು ಅನ್ನಿಸುತ್ತದೆ. ಹೊರಡುವಾಗ "ನಮ್ಮನೆಯವರಿಗೂ ಸ್ವಲ್ಪ ಹೇಳಮ್ಮ, ದಿನಕ್ಕೆ ಎಷ್ಟು ಕಾಫಿ ಅಂತ ಲೆಕ್ಕವೇ ಇಲ್ಲ" ಅಂದರು. ಆ ಮನೆ ಯಜಮಾನರನ್ನು ಬದಲಾಯಿಸುವ ಧೈರ್ಯ ನನಗಿಲ್ಲ.

ಭಾರತದಲ್ಲಿ ನಮ್ಮ ಸಭೆ ಬೆಳೆದದ್ದೂ ಬಹುಪಾಲು ಇಂಥ ಪರಿಚಯದ ದಾರಿಯಲ್ಲೇ. 1850ರ ದಶಕದಲ್ಲಿ ಕಲ್ಕತ್ತಾಗೆ ಬಂದ ಮಿಷನರಿಗಳು ಕೆಲವೇ ವರ್ಷಗಳಲ್ಲಿ ವಾಪಸ್ ಹೋದರು, ಹೆಚ್ಚೇನೂ ಉಳಿಯಲಿಲ್ಲ. 1978ರಲ್ಲಿ ಸಮೋವಾದಲ್ಲಿದ್ದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ದಂಪತಿ ಹೈದರಾಬಾದಿನ ತಮ್ಮವರ ಬಳಿಗೆ ಬಂದು ಹೇಳಿದಾಗ ಕುಟುಂಬದ 22 ಜನ ಸೇರಿದರು. ಇಲ್ಲಿನ ಮಿಷನರಿಗಳ ಕೆಲಸ ನೋಡಿಕೊಳ್ಳುವ ಸಭೆಯ ವಿಭಾಗ, ಬೆಂಗಳೂರು ಮಿಷನ್, ಆದದ್ದು 1993ರಲ್ಲಿ.

"ಮದುವೆಗೆ ಕರೆದ ಹಾಗೆ ಕರೀತೀವಿ ಅಷ್ಟೇ" ಅಂತ ನಮ್ಮವರೇ ಕೆಲವರು ಹೇಳುತ್ತಾರೆ. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ಮದುವೆಗೆ ಕರೆದಾಗ ಹೋಗದಿದ್ದರೆ ಏನಾಗುತ್ತದೆ ಗೊತ್ತಲ್ಲ? ಮುಯ್ಯಿ ಪುಸ್ತಕದಲ್ಲಿ ಹೆಸರಿಲ್ಲ ಅಂತ ನೆನಪಿಟ್ಟುಕೊಂಡು, ನಿಮ್ಮ ಮನೆಯ ಕಾರ್ಯಕ್ಕೆ ಅವರೂ ಬರುವುದಿಲ್ಲ. ಸುವಾರ್ತೆಗೆ ಕರೆದವರು ಆ ಲೆಕ್ಕ ಇಡಬಾರದು. ಬರಲ್ಲ ಅಂದವರ ಮನೆಗೆ ಮಾರನೇ ದಿನವೂ ಕರಿಬೇವು ಕೇಳಲು ಹೋಗಬೇಕು, ಮೊದಲಿನಷ್ಟೇ ಹೊತ್ತು ಹರಟಬೇಕು. ಕರೆದವರ ಪ್ರೀತಿ ನಿಜವೋ ನಾಟಕವೋ ಅಂತ ಅಲ್ಲೇ ಗೊತ್ತಾಗುವುದು. ಒಬ್ಬರು ಬೇಡ ಅಂದ ಕೂಡಲೇ ಫೋನ್ ಮಾಡುವುದನ್ನೇ ನಿಲ್ಲಿಸುವ ಮಿಷನರಿಗಳನ್ನು ನೋಡಿದ್ದೇನೆ. ಅವರ ಮೇಲೆ ಜನರಿಗೆ ಬಂದ ಸಿಟ್ಟು ನ್ಯಾಯವಾದದ್ದೇ.

ಬೇಜಾರಾಗಲ್ವಾ ಅಂತ ಕೇಳಿದರೆ, ಆಗುತ್ತದೆ. ಮಿಷನರಿಗಳಿಗೆ ಧೈರ್ಯ ತುಂಬಲು ಸ್ಯಾಮ್ಯುಯೆಲ್ ಸ್ಮಿತ್ ಕಥೆ ಹೇಳುತ್ತಾರೆ. ಜೋಸೆಫನ ತಮ್ಮ. 1830ರಲ್ಲಿ ಮಾರ್ಮನ್ ಗ್ರಂಥದ ಪ್ರತಿಗಳನ್ನು ಹೊತ್ತು ಊರೂರು ತಿರುಗಿ, ಏನೂ ಆಗಲಿಲ್ಲ ಅಂತ ಕುಗ್ಗಿ ಮನೆಗೆ ಬಂದ. ಅವನು ಕೊಟ್ಟ ಪ್ರತಿಗಳು ಯಂಗ್ ಮನೆತನದವರ ಕೈಸೇರಿ, 1832ರಲ್ಲಿ ಬ್ರಿಗಮ್ ಯಂಗ್ ದೀಕ್ಷಾಸ್ನಾನ ತೆಗೆದುಕೊಂಡ. ಮುಂದೆ ಸಭೆಯ ಎರಡನೇ ಅಧ್ಯಕ್ಷನಾದ. ಕಥೆ ಚೆನ್ನಾಗಿದೆ. ಆದರೆ ಇದನ್ನು ಕೇಳಿ ಕೇಳಿ ನಮ್ಮವರು ಯಾರು ಬೇಡ ಅಂದರೂ 'ಇವತ್ತಲ್ಲ ನಾಳೆ ಬರ್ತಾರೆ' ಅಂದುಕೊಳ್ಳುತ್ತಾರೆ. ಮೇಷ್ಟ್ರು ಬೇಡ ಅಂದರೆ ಬೇಡ ಅಂತಲೇ. ಅವರು ಯೋಚನೆ ಮಾಡಿ ಹೇಳಿದ ಉತ್ತರ ಅದು. ಅದರೊಳಗೆ ಇನ್ನೊಂದು ಉತ್ತರ ಹುಡುಕುವುದು ಅವರಿಗೆ ಮಾಡುವ ಅವಮಾನ.

ಮೊನ್ನೆ ಅದೇ ಕ್ಲಾಸ್‌ಮೇಟ್ ಹೊಸ ವರಸೆ ತೆಗೆದಳು. "ಲೋಕಕ್ಕೆಲ್ಲಾ ಹೇಳ್ತೀಯ, ನನ್ನನ್ನು ಮಾತ್ರ ಒಂದು ಸಲವೂ ಕರೆದಿಲ್ವಲ್ಲೇ?" ನಾನು ತಬ್ಬಿಬ್ಬಾದೆ. ಅವಳು ಬರುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆನಲ್ಲ! ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಜೊತೆಗೆ ಬಾ, ಭಾನುವಾರ ಎರಡು ಗಂಟೆ ಸಭೆ, ಆಮೇಲೆ ನಿನ್ನ ಅಕ್ಕನ ಮನೆಗೆ ಹೋಗೋಣ ಅಂದೆ. ಬರುತ್ತೇನೆ ಅಂದಳು, ಆದರೆ ಜನಶತಾಬ್ದಿ ಟಿಕೆಟ್ ನಾನೇ ಮಾಡಿಸಬೇಕಂತೆ.

ಮಾಡಿಸ್ತೀನಿ, ದುಡ್ಡು ಮಾತ್ರ ನೀನೇ ಕೊಡು ಅಂದಿದ್ದೇನೆ. ಇಲ್ಲದಿದ್ದರೆ ಮಹಡಿ ಮನೆಯ ಅಂಕಲ್ ಅದನ್ನೂ ಆಮಿಷ ಅಂತಾರೆ.